ಮಡಚದ ಕಿರುಬೆರಳು

ಮದುವೆ ವಿಡಿಯೊ ಮಾಡಿ ಹೊಟ್ಟೆ ಹೊರೆಯುವವಳು ನಾನು. ಸಾಕ್ಷ್ಯಚಿತ್ರ ಅಂತ ಮಾಡುವುದೆಲ್ಲ ಮನಸ್ಸಿನ ಸಮಾಧಾನಕ್ಕೆ. ಚಾಮರಾಜನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಂದು ಕ್ಯಾಮೆರಾ, ಎಡಿಟಿಂಗಿಗೆ ಒಂದು ಹಳೇ ಕಂಪ್ಯೂಟರ್, ಅದರ ಮೇಲೆ ನಾನು ಬಡವರ ಪರ ಇದ್ದೀನಿ ಅನ್ನುವ ಜಂಬ. ಕ್ಯಾಮೆರಾ ಕಂಪ್ಯೂಟರ್ ಇನ್ನೂ ಇವೆ.

ಮೈಸೂರಿನ ಒಂದು ಸೇವಾ ಸಂಸ್ಥೆಯವರು ಹೂವಿನ ಹೊಲಕ್ಕೆ ಕೂಲಿ ಹೋಗುವ ಹೆಂಗಸರ ಬಗ್ಗೆ ನಾಲ್ಕು ನಿಮಿಷದ ವಿಡಿಯೊ ಬೇಕು ಅಂದರು. ತೆರಕಣಾಂಬಿಯಿಂದ ಗುಂಡ್ಲುಪೇಟೆವರೆಗೂ ಆ ಹೊತ್ತಿಗೆ ರಸ್ತೆಯ ಎರಡೂ ಕಡೆ ಚೆಂಡುಹೂವು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬರುವವರು ಕಾರು ನಿಲ್ಲಿಸಿ, ಹೊಲಕ್ಕೆ ಇಳಿದು, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅವರ ಫೋಟೊದ ಹಿಂದೆ ಬಗ್ಗಿಕೊಂಡು ಹೂ ಕೀಳುವ ಹೆಂಗಸರು ಇದ್ದೇ ಇರುತ್ತಾರೆ.

ಅವರಲ್ಲೊಬ್ಬರು ನನ್ನ ಜೊತೆ ಮಾತಾಡಿದರು. ಐವತ್ತರ ಆಸುಪಾಸು, ಮಾತು ಕಡಿಮೆ. ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು, ಮನೆಯಲ್ಲಿ ದುಡಿಯುವವರು ಇವರೊಬ್ಬರೇ. ನಾನು ಎರಡು ದಿನ ಸುಮ್ಮನೆ ಅವರ ಜೊತೆಯಲ್ಲಿ ಹೂ ಕಿತ್ತ ಮೇಲೆ, ಮೂರನೇ ದಿನ ಬದುವಿನ ಮೇಲೆ ಕೂತು ಹೇಳಿದರು.

"ಬೆಳಿಗ್ಗಿಂದ ಒಂದು ತೊಟ್ಟು ನೀರು ಕುಡಿಯಕಿಲ್ಲ ಕಣಮ್ಮಿ ನಾವು. ಕುಡುದ್ರೆ ಎಲ್ಲಿಗೋಗದು? ಕಬ್ಬಿನ ಗದ್ದೆಯಾದ್ರೆ ಒಳಿಕೋಗಿ ಕೂತ್ಕಬೋದು. ಇದು ಮೊಣಕಾಲುದ್ದ ಗಿಡ, ಯಾವ ಮರೆ ಐತೆ? ರಸ್ತೆ ತುಂಬ ಫೋನು ಇಡ್ಕಂಡು ನಿಂತವ್ರೆ."

ಉರಿಮೂತ್ರಕ್ಕೆ ಎರಡು ಸಲ ಆಸ್ಪತ್ರೆ ಸೇರಿದ್ದರಂತೆ. ಕೂಲಿಯವರನ್ನು ಗಾಡಿಯಲ್ಲಿ ಕರೆದೊಯ್ಯುವ ಮೇಸ್ತ್ರಿಯನ್ನು, ದಾರಿಯಲ್ಲಿ ಎಲ್ಲಾದರೂ ಐದು ನಿಮಿಷ ನಿಲ್ಲಿಸು ಅಂತ ಕೇಳಿದರೆ ನಿಲ್ಲಿಸುತ್ತಿರಲಿಲ್ಲ. ಇಷ್ಟು ಹೇಳಿ ನನ್ನ ಮುಖ ನೋಡಿದರು.

"ನಾನೇಳ್ದೆ ಅಂತ ಮೇಸ್ತ್ರಿಗೆ ಗೊತ್ತಾಗದಂಗೆ ಮಾಡ್ಬುಡವ್ವ. ಗೊತ್ತಾದ್ರೆ ಗಾಡಿಗೆ ಅತ್ತುಸ್ಕಳಕಿಲ್ಲ."

ನಿಮ್ಮ ಮುಖ ಬರೋದಿಲ್ಲ, ದನಿಯೂ ಬರೋದಿಲ್ಲ ಅಂತ ನಾನು ಅವರ ಕೈ ಹಿಡಿದು ಮಾತು ಕೊಟ್ಟೆ. ಮಾತಿಗೆ ತಪ್ಪಲಿಲ್ಲ. ಮುಖ ಕಾಣುವ ಒಂದು ಫ್ರೇಮನ್ನೂ ಬಳಸಲಿಲ್ಲ. ಅವರ ಮಾತನ್ನು ಪರಿಚಯದ ಟೀಚರೊಬ್ಬರ ದನಿಯಲ್ಲಿ ಹೇಳಿಸಿದೆ. ಊರಿನ ಹೆಸರು ತೆಗೆದೆ. ಇಷ್ಟು ಎಚ್ಚರಿಕೆ ಯಾರು ತಗೋತಾರೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆದರೆ ಮುಖ ಇಲ್ಲದಿದ್ದರೆ ಪರದೆ ಮೇಲೆ ಏನಾದರೂ ಇರಬೇಕಲ್ಲ. ನಮ್ಮ ಕಸುಬಿನವರಿಗೆ ಆಗ ನೆನಪಾಗುವುದು ಒಂದೇ, ಕೈ. ದುಡಿಯುವವರ ಕೈ ಅಂದರೆ ನಮಗೆಲ್ಲ ಒಂಥರಾ ಚಟ. ಅವರ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕವರಿದ್ದಾಗ ಬಾವಿಯ ರಾಟೆಗೆ ಸಿಕ್ಕಿತ್ತಂತೆ. ಹೂ ಕೀಳುವಾಗ ಮಿಕ್ಕ ಬೆರಳೆಲ್ಲ ಬಗ್ಗಿ ಓಡಾಡುತ್ತಿದ್ದರೆ ಅದೊಂದು ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ಸಂಜೆ ಬಿಸಿಲಿನಲ್ಲಿ, ಅರಿಶಿನ ಬಣ್ಣ ಮೆತ್ತಿಕೊಂಡ ಆ ಕೈಯನ್ನು ನಲವತ್ತು ಸೆಕೆಂಡು ಹಾಗೇ ಬಿಟ್ಟೆ. ಮೈಸೂರಿನ ಸಭಾಂಗಣದಲ್ಲಿ ತೋರಿಸಿದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಆ ಕೈಯೇ ಇಡೀ ಚಿತ್ರದ ಜೀವ ಅಂದರು ಸಂಸ್ಥೆಯ ಮುಖ್ಯಸ್ಥೆ. ನನಗೆ ಕಣ್ಣು ತುಂಬಿ ಬಂತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸಂಸ್ಥೆಯವರು ನೆಟ್ಟಿಗೆ ಹಾಕಿದ ವಿಡಿಯೊ ಹತ್ತು ದಿನಕ್ಕೆ ತೆರಕಣಾಂಬಿಯ ವಾಟ್ಸಾಪ್ ಗುಂಪುಗಳಿಗೆ ಬಂತು. ಹದಿನಾಲ್ಕು ವರ್ಷ ಒಂದೇ ಗಾಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತವರಿಗೆ ಮುಖ ಯಾಕೆ ಬೇಕು? ಮೇಸ್ತ್ರಿ ಬೆಳಿಗ್ಗೆ ಗಾಡಿಯ ಹತ್ತಿರ ಫೋನು ತೆಗೆದು, ಆ ಬೆರಳು ಬಂದ ಕಡೆ ನಿಲ್ಲಿಸಿ, ಎಲ್ಲರಿಗೂ ಒಂದು ಸುತ್ತು ತೋರಿಸಿದನಂತೆ. ಬೈಯಲಿಲ್ಲವಂತೆ. ಪಕ್ಕದ ಮನೆಯವರ ಫೋನಿನಿಂದ ಅವರು ನನಗೆ ಹೇಳಿದ್ದು ಒಂದೇ ಮಾತು.

"ಗಾಡೀಲಿ ಜಾಗ ಇಲ್ಲ ಅಂದ ಕಣಮ್ಮಿ."

ಮಾರನೇ ದಿನವೇ ಬಸ್ಸು ಹತ್ತಿ ಹೋಗಿ ಮೇಸ್ತ್ರಿಯನ್ನು ಹಿಡಿದೆ. ತಪ್ಪು ನನ್ನದು, ಅವರದಲ್ಲ ಅಂದೆ. ಅವನು ನನಗೆ ಕುರ್ಚಿ ಹಾಕಿಸಿದ. "ನಂಗೇನು ಕ್ವಾಪ ಇಲ್ಲ ಮೇಡಂ. ಗಾಡಿ ತುಂಬೋಗದೆ, ಅಷ್ಟೆಯ." ಸಿಟ್ಟು ಮಾಡಿದ್ದರೆ ಜಗಳ ಆಡಬಹುದಿತ್ತು. ಸಂಸ್ಥೆಯವರು ನಾನು ಕೇಳಿದ ದಿನವೇ ವಿಡಿಯೊ ತೆಗೆದುಹಾಕಿದರು, ಪಾಪ. ಜನರ ಫೋನಿನೊಳಗೆ ಹೋದದ್ದನ್ನು ಯಾರು ತೆಗೆಯಬೇಕು?

ಒಂದು ತಿಂಗಳಿಗೆ ಸಂಸ್ಥೆಯಿಂದ ಮತ್ತೆ ಫೋನು. ವಿಡಿಯೊ ನೋಡಿದ ನಾಲ್ಕು ಜನ ಬಂದು ಕೇಳಿದ್ದರಿಂದ ಮುಜುಗರವಾಗಿ, ಹೊಲದ ಮಾಲೀಕರು ಮೂಲೆಯಲ್ಲಿ ಹಸಿರು ಬಲೆ ಕಟ್ಟಿ ಹೆಂಗಸರಿಗೆ ಮರೆ ಮಾಡಿಸಿದ್ದಾರೆ, ಒಂದು ಪುಟ್ಟ ವಿಡಿಯೊ ಮಾಡಿಕೊಡಿ ಅಂದರು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಹೋದೆ. ಬಲೆಯ ಮರೆ ನಿಜವಾಗಿಯೂ ಚೆನ್ನಾಗಿತ್ತು, ಒಳಗೆ ಬಕೆಟ್ಟು, ನೀರು. ಹೆಂಗಸರು ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದರು. ಕ್ಯಾಮೆರಾ ತೆಗೆದ ಕೂಡಲೇ ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದರು.

ವಾಪಸು ಬರುವಾಗ ಅವರ ಮನೆಗೆ ಹೋದೆ. ಕ್ಯಾಮೆರಾ ಚೀಲದೊಳಗೇ ಇತ್ತು. ಯಾರಾದರೂ ಕರೆದ ದಿನ ಕಳೆ ತೆಗೆಯಲು ಹೋಗುತ್ತಾರಂತೆ, ಕರೆಯದ ದಿನವೇ ಹೆಚ್ಚು. ಒಳಗಿನಿಂದ ಗಂಡನ ಕೆಮ್ಮು ಕೇಳುತ್ತಿತ್ತು. ನಾನು ಕ್ಷಮೆ ಕೇಳಿದೆ. ಎರಡು ಸಲ ಕೇಳಿದೆ. ಅವರು ಬೇರೆಯೇ ಕೇಳಿದರು.

"ಬಲೆ ಕಟ್ಟವ್ರಂತಲ್ಲ. ನೀರು ಕುಡಿತಾವಾ ಎಲ್ಲ?"

"ಕುಡೀತಾರೆ," ಅಂದೆ.

"ಅಷ್ಟಾರು ಆಯ್ತಲ್ಲ ಬುಡು," ಅಂದು ಟೀ ಕಾಯಿಸಲು ಒಳಗೆ ಹೋದರು.

ಹೊರಗೆ ಬಂದಾಗ ಅವರ ಬಲಗೈ ಸೆರಗಿನೊಳಗಿತ್ತು. ಲೋಟ ಎಡಗೈಲಿತ್ತು. ಮನೆಗೆ ಬಂದವರಿಗೆ ಎಡಗೈಲಿ ಏನನ್ನೂ ಕೊಡುವವರಲ್ಲ ಅವರು. ನನ್ನ ಚೀಲದ ಕಡೆ ನೋಡಿದರು. ಆಮೇಲೆ ಬಗ್ಗಿ ಲೋಟವನ್ನು ಜಗಲಿಯ ಮೇಲೆ, ನನ್ನ ಮುಂದೆ ಇಟ್ಟು, ಸೆರಗನ್ನು ಇನ್ನಷ್ಟು ಎಳೆದುಕೊಂಡು ಕೂತರು.