ರುದ್ರಣ್ಣ ವೈಡ್ ಲೆನ್ಸ್ ಬಿಟ್ಟ ವರ್ಷ

ಮೊನ್ನೆ ಅಟ್ಟದಿಂದ ಹಳೆಯ ಕ್ಯಾಮೆರಾ ಚೀಲ ಇಳಿಸಿದೆ. ಚರ್ಮದ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಲೆನ್ಸಿನ ಗಾಜಿನೊಳಗೆ ಬೂಷ್ಟು ಹರಡಿತ್ತು. "ಅದನ್ನ ಆಚೆ ಇಡಿ, ಮನೆಯೆಲ್ಲಾ ನಾತ" ಅಂದಳು ಹೆಂಡತಿ. ಯಾವ ಉಪಯೋಗಕ್ಕೂ ಬಾರದ, ಎಸೆಯಲೂ ಮನಸ್ಸಾಗದ ವಸ್ತು ನಿಮ್ಮ ಮನೆಯಲ್ಲೂ ಒಂದಿರಬಹುದು. ನನಗೆ ಆ ವಾಸನೆಯಲ್ಲಿ ಗೆಳೆಯ ರುದ್ರಣ್ಣ ಬಂದು ನಿಂತ.

ಎಪ್ಪತ್ತರ ದಶಕದ ಕೊನೆ. ನಾನು ಮಧುಗಿರಿಯಲ್ಲಿ ಗುಮಾಸ್ತ. ರುದ್ರಣ್ಣ ತಂದೆ ಬಿಟ್ಟುಹೋದ ಬಟ್ಟೆ ಅಂಗಡಿ ನೋಡಿಕೊಂಡಿದ್ದ. ಮನೆಯಲ್ಲಿ ತಾಯಿ ಮತ್ತು ಮದುವೆಯ ವಯಸ್ಸಿನ ತಂಗಿ ಗೌರಮ್ಮ. ನಮ್ಮಿಬ್ಬರಿಗೂ ಒಂದೇ ಹುಚ್ಚು, ಭಾನುವಾರ ಬಸ್ಸು ಹಿಡಿದು ಬೆಟ್ಟಗುಡ್ಡಗಳ ಚಿತ್ರ ತೆಗೆಯುವುದು. ಮಿಡಿಗೇಶಿ, ಪಾವಗಡ, ಕೊರಟಗೆರೆ ಕಡೆಯ ಬಂಡೆಗಳು, ಕಳ್ಳಂಬೆಳ್ಳದ ಕೆರೆ. "ಕಲ್ಲೇನು ಓಡೋಗ್ತದಾ, ವಾರ ವಾರ ಬಂದು ತೆಗೆಯಾಕೆ?" ಎಂದು ಬಸ್ಸಿನ ಕಂಡಕ್ಟರು ಕೇಳುತ್ತಿದ್ದರು. ನಾವು ನಕ್ಕು ಟಿಕೆಟ್ಟಿಗೆ ಕೈಚಾಚುತ್ತಿದ್ದೆವು.

ಶನಿವಾರ ಸಂಜೆ ಅಂಗಡಿಯ ಬಿಳಿ ಹಾಸಿನ ಮೇಲೆ ಸಾಮಾನು ಹರಡಿಕೊಂಡು ಕೂರುತ್ತಿದ್ದೆವು. ಯಾವ ಲೆನ್ಸು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬುದೇ ವಾರದ ದೊಡ್ಡ ಚರ್ಚೆ. ನಾನು ದಿಬ್ಬಣಕ್ಕೆ ಹೊರಟವನಂತೆ ಎಲ್ಲವನ್ನೂ ತುಂಬುವವನು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಏದುಸಿರು. ರುದ್ರಣ್ಣನ ಲೆಕ್ಕ ಬೇರೆ. ಇಡೀ ಬಯಲು ಬೇಕಾದರೆ ಅಗಲಕ್ಕೆ ಹಿಡಿಯುವ ವೈಡ್ ಲೆನ್ಸು. ಕಪ್ಪುಬಿಳುಪು ಚಿತ್ರದಲ್ಲಿ ನೀಲಿ ಆಕಾಶ ಕಪ್ಪಾಗಿ, ಮೋಡ ಎದ್ದು ಕಾಣಲು ಕೆಂಪು ಫಿಲ್ಟರು. ಗಾಳಿ ಇದ್ದರೆ ಭಾರದ ಸ್ಟ್ಯಾಂಡು. "ಉದ್ದದ ಲೆನ್ಸು ಚಾಡಿಕೋರ ಇದ್ದಂಗೆ ಕಣಯ್ಯ, ದೂರದ್ದನ್ನ ಹತ್ರ ತಂದು ಮಿಕ್ಕಿದ್ದೆಲ್ಲ ಮುಚ್ಚಿಡ್ತದೆ" ಎನ್ನುತ್ತಿದ್ದ.

ಅಂಥವನು ಒಂದು ಬೇಸಿಗೆಯಲ್ಲಿ ವೈಡ್ ಲೆನ್ಸನ್ನು ಗಾಜಿನ ಬೀರುವಿನಲ್ಲಿಟ್ಟು, ಉದ್ದದ್ದನ್ನಷ್ಟೇ ಚೀಲಕ್ಕೆ ಹಾಕಿದ. ಮುಂದಿನ ವಾರವೂ ಹಾಗೇ. ಅವನ ರುಚಿ ಬದಲಾಗಿದೆ ಎಂದುಕೊಂಡೆ.

ಪಾವಗಡದ ಬೆಟ್ಟದ ಬುಡದಲ್ಲಿ ವಿಷಯ ತಿಳಿಯಿತು. ಬಲಗಡೆಯಿಂದ ಕುರಿಮಂದೆ ಬರುತ್ತಿತ್ತು. ಹಾಡಹಗಲಲ್ಲಿ ರುದ್ರಣ್ಣ ನೇರವಾಗಿ ಅದರೊಳಗೆ ನುಗ್ಗಿ ಬಿದ್ದ. ಮಂದೆಯವನು ಕೈಹಿಡಿದು ಎಬ್ಬಿಸಿ, "ಏಂ ಸಾಮಿ, ಕಣ್ಣು ಕಾಣಕಿಲ್ವಾ?" ಅಂದ.

"ಇಲ್ಲಪ್ಪ" ಅಂದ ರುದ್ರಣ್ಣ.

ಮಂದೆ ದಾಟಿದ ಮೇಲೆ ಬಂಡೆಯ ಮೇಲೆ ಕೂತು ಹೇಳಿದ. "ನೆಟ್ಟಗಿರೋದು ಕಾಣ್ತದೆ. ಅಕ್ಕಪಕ್ಕದ್ದು ಹೋಗೈತೆ. ಕೊಳವೆ ಒಳಗಿಂದ ನೋಡ್ದಂಗೆ. ವೈಡ್ ಹಾಕಿದ್ರೆ ಮೂಲೆ ಮೂಲೆನೂ ನೋಡ್ಬೇಕು, ನನ್ ಕೈಲಾಗಲ್ಲ. ಇದ್ರಲ್ಲಾದ್ರೆ ಒಂದ್ ಬಂಡೆ, ಒಂದ್ ಮರ." ಅವನ ಸೋದರಮಾವನಿಗೂ ಹೀಗೇ ಆಗಿತ್ತಂತೆ. ಬೆಂಗಳೂರಿನ ಡಾಕ್ಟರು ಔಷಧಿಯಿಲ್ಲ ಅಂದಿದ್ದರು. ತಾಯಿಯ ಕಡೆಯಿಂದ ಬರುವ ರೋಗ. ತಂಗಿಗೆ ಗಂಡುಮಕ್ಕಳಾದರೆ ಅವರಿಗೂ ಬರಬಹುದು ಎಂದೂ ಹೇಳಿದ್ದರು.

ಆಗಲೇ ಗೌರಮ್ಮನಿಗೆ ಶಿರಾದ ಸಂಬಂಧವೊಂದು ಕೂಡಿಬಂದಿತ್ತು. ಮಾತುಕತೆಯ ದಿನ ನಾನೂ ಪಡಸಾಲೆಯಲ್ಲಿದ್ದೆ. ಎಲೆ ಅಡಿಕೆ ತಟ್ಟೆ ಬರುವ ಹೊತ್ತಿಗೆ ರುದ್ರಣ್ಣ ಎದ್ದುನಿಂತ. "ಒಂದ್ ಮಾತು ಹೇಳ್ಬುಡ್ತೀನಿ. ನನ್ ಕಣ್ಣು ಹೋಗ್ತಾ ಐತೆ. ಇದು ನಮ್ಮ ರಕ್ತದಾಗೆ ಬಂದಿರೋದು. ನಾಳೆ ನಿಮ್ಮ ಮೊಮ್ಮಕ್ಕಳಿಗೂ ಬರಬೌದು. ತಿಳ್ಕಂಡು ಮುಂದುವರೀರಿ."

ಗಂಡಿನ ತಂದೆ ಟವಲು ಹೆಗಲಿಗೆ ಹಾಕಿಕೊಂಡು, "ಯೋಚ್ನೆ ಮಾಡಿ ಹೇಳಿ ಕಳಿಸ್ತೀವಿ" ಅಂದರು. ಕಳಿಸಲಿಲ್ಲ. ಸುದ್ದಿ ಅವರಿಗಿಂತ ಮುಂಚೆ ಊರೂರು ತಿರುಗಿತು. ಆಮೇಲೆ ಆ ಹೊಸ್ತಿಲಿಗೆ ಯಾವ ಗಂಡಿನವರೂ ಬರಲಿಲ್ಲ. "ನಿನ್ ಕಣ್ಣಿನ ಜತೆ ಅವಳ ಬಾಳೂ ತೆಗ್ದೆ" ಎಂದು ತಾಯಿ ಕೊನೆಯವರೆಗೂ ಮಗನನ್ನು ಅಂದರು. ಗೌರಮ್ಮ ಅಂಗಡಿಯಲ್ಲಿ ಕೂತು ಬಟ್ಟೆ ಅಳೆಯತೊಡಗಿದಳು.

ನಮ್ಮ ಕೊನೆಯ ತಿರುಗಾಟ ಮಿಡಿಗೇಶಿಗೆ. ಕೈಹಿಡಿದು ಹತ್ತಿಸಿದೆ. "ಇವತ್ತು ವೈಡ್ ಹಾಕು" ಅಂದ. "ಎಡಕ್ಕೇನೈತೆ?"

"ಕೋಟೆ ಗೋಡೆ. ಅದರಾಚೆ ಹೊಲ, ಹುಣಸೆಮರ."

"ಬಲಕ್ಕೆ?"

ನಾನು ಹೇಳುತ್ತಾ ಹೋದೆ. ಅವನು ಕ್ಯಾಮೆರಾ ತಿರುಗಿಸಿ ಗುಂಡಿ ಒತ್ತಿದ. ಮುದ್ರಿಸಿದಾಗ ಚಿತ್ರದಲ್ಲಿ ಭೂಮಿ ಓರೆಯಾಗಿತ್ತು. ಅದನ್ನು ಅವನಿಗೆ ಹೇಳಲಿಲ್ಲ. ಆಮೇಲೆ ಪೂರ್ತಿ ಕತ್ತಲೆಯಲ್ಲಿ ಕೆಲವು ವರ್ಷ ಬದುಕಿ, ಜ್ವರದಲ್ಲಿ ಹೋದ. ನನಗೆ ಬೇರೆ ಊರಿಗೆ ವರ್ಗವಾಗಿತ್ತು; ಸುದ್ದಿ ತಡವಾಗಿ ಬಂತು.

ಚೀಲ ಇಳಿಸಿದ ಮಾರನೆಯ ದಿನವೇ ಮಧುಗಿರಿಗೆ ಹೋದೆ. ಅಂಗಡಿ ಮುಚ್ಚಿದೆ. ಗೌರಮ್ಮನ ತಲೆ ಪೂರ್ತಿ ಬೆಳ್ಳಗಾಗಿದೆ. ಇಷ್ಟು ವರ್ಷ ಎಲ್ಲರ ಮುಂದೆ ಹೇಳಿಕೊಂಡು ಬಂದ ಮಾತನ್ನೇ ಅವಳ ಮುಂದೆಯೂ ಹೇಳಿದೆ. "ನಿಮ್ಮಣ್ಣನಂಥ ಧೈರ್ಯಸ್ಥನ್ನ ನಾನು ನೋಡಿಲ್ಲ ಕಣಮ್ಮ."

ಅವಳು ಸೆರಗಿನ ಅಂಚು ನೀವುತ್ತಾ ಅಂದಳು. "ಅವ್ನು ಹೇಳಿದ್ದು ಸರೀನೇ ಅಣ್ಣ. ಮುಚ್ಚಿಟ್ಟು ನನ್ನ ಕಳಿಸ್ಬೇಕಿತ್ತು ಅಂತ ನಾನೂ ಅನ್ನಲ್ಲ. ಆದ್ರೆ ಅವತ್ತು ನಾನು ಒಳಗೆ ಕಾಫಿ ಸೋಸ್ತಾ ಇದ್ದೆ. ನನ್ ರಕ್ತದಾಗೆ ಏನೈತೆ ಅಂತ ಆ ಬಂದವರ ಜತೇಲೇ ನಂಗೂ ಗೊತ್ತಾಗಿದ್ದು. ಮೊದ್ಲು ನಂಗೊಂದ್ ಮಾತು ಹೇಳ್ಬೇಕಿತ್ತು."

ಈ ಕಥೆಯನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವಾಗಲೆಲ್ಲ ಮನಸ್ಸಿನಲ್ಲಿ ಆ ಪಡಸಾಲೆಯಲ್ಲೇ ಕೂತಿರುತ್ತಿದ್ದೆ. ಅಡುಗೆಮನೆಯಲ್ಲಿ ಒಬ್ಬಳು ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಒಂದು ಸಲವೂ ಹೊಳೆದಿರಲಿಲ್ಲ.