ಬಾಗಿಲಿಗೆ ಅಡ್ಡ ಕುಳಿತ ಇಪ್ಪತ್ತು ನಿಮಿಷ

ಹೋದ ವರ್ಷ ನನಗೆ ಜ್ವರ ಬಂದಾಗ ಮಗಳು ಔಷಧಿ ಅಂಗಡಿಯಿಂದ ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆಯ ಪೊಟ್ಟಣವೊಂದನ್ನು ತಂದಳು. ಅದರ ಬೆಳ್ಳಿ ಬಣ್ಣದ ಹಾಳೆ ಹರಿದ ಸದ್ದಿಗೆ ನನ್ನ ಕೈ ನಿಂತುಹೋಯಿತು. ಒಳಗೆ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಕಾರ್ಡು, ಅದರ ನಡುವೆ ಸಣ್ಣ ಕಿಟಕಿ. ಒಂದು ಗೆರೆ ಮೂಡಿದರೆ ಕ್ಷೇಮ, ಎರಡು ಮೂಡಿದರೆ ಕಾಯಿಲೆ. ಮಗಳು ಫೋನಿನಲ್ಲಿ ಹೊತ್ತು ನೋಡುತ್ತ ಕುಳಿತಳು. ನನ್ನ ಕಣ್ಣಿಗೆ ಮಾತ್ರ ತಾಳವಾಡಿಯ ಆ ಕಿರಿದಾದ ಕೋಣೆ, ಅದರ ಹೊಸ್ತಿಲು, ಹೊಸ್ತಿಲ ಮೇಲೆ ಕುಳಿತ ಜೀಪಿನಣ್ಣನ ಬೆನ್ನು...

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಘಾಟಿಯ ಮೇಲಿನ ಗಡಿ ಊರಾದ ತಾಳವಾಡಿಯ ಒಂದು ಪುಟ್ಟ ಹೆರಿಗೆ ಆಸ್ಪತ್ರೆಯಲ್ಲಿ ನಾನು ರಕ್ತ ಪರೀಕ್ಷೆ ಮಾಡುವ ಕೆಲಸಕ್ಕಿದ್ದೆ. ಆ ಆಸ್ಪತ್ರೆ ಈಗಿಲ್ಲ. ಒಬ್ಬರು ಡಾಕ್ಟರಮ್ಮ, ಒಬ್ಬ ನರ್ಸು, ನಾನು, ಅಷ್ಟೇ. ತಾಳಮಲೆಯ ಕಡೆಯಿಂದಲೋ ಗುಮಟಾಪುರದಿಂದಲೋ ಬಸುರಿ ಹೆಂಗಸರನ್ನು ತುಂಬಿಕೊಂಡು ಬರುತ್ತಿದ್ದವನು ಜೀಪಿನಣ್ಣ. ನಲವತ್ತರ ಹತ್ತಿರದ ಆಳು, ಮದುವೆಯಾಗಿರಲಿಲ್ಲ. ಹೆಂಗಸನ್ನು ಇಳಿಸಿ ಅವನು ಹೊರಟುಹೋಗುತ್ತಿರಲಿಲ್ಲ. ರಕ್ತ ಬೇಕೆಂದರೆ ತಾನೇ ಅಂಗಿ ತೋಳು ಮಡಿಸುತ್ತಿದ್ದ. ಕೊಟ್ಟು ಮುಗಿದ ಮೇಲೆ ಒಂದು ಲೋಟ ಟೀ ಕುಡಿದು ಮತ್ತೆ ಜೀಪು ಹತ್ತುತ್ತಿದ್ದ. ಯಾರಿಗೆ ಕೊಟ್ಟೆ ಎಂದು ಲೆಕ್ಕ ಇಟ್ಟವನಲ್ಲ.

ಕೊಡುವವರ ರಕ್ತದ ಗುಂಪು ನೋಡಿದರೆ ಸಾಲದು, ಅದರಲ್ಲಿ ವೈರಸ್ ಇದೆಯೇ ಎಂದು ಪ್ರತಿ ಸಲವೂ ಇಂಥದೇ ಕಾರ್ಡಿನಲ್ಲಿ ನೋಡಬೇಕು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಒಂದು ಸಲ ಗುಮಟಾಪುರದ ಹೆಂಗಸೊಬ್ಬಳಿಗೆ ಹೆರಿಗೆಯಾಗಿ ರಕ್ತ ನಿಲ್ಲದಿದ್ದಾಗ ನನ್ನ ಬಳಿ ಕಾರ್ಡುಗಳು ಮುಗಿದಿದ್ದವು. ಜೀಪಿನಣ್ಣ ಎಂದಿನಂತೆ ತೋಳು ಮಡಿಸಿ ನಿಂತಿದ್ದ. ಹಿಂದಿನ ಸಲ ನೋಡಿದಾಗ ಅವನ ರಕ್ತದಲ್ಲಿ ಏನೂ ಇರಲಿಲ್ಲ. ಒಳಗಿನಿಂದ ಡಾಕ್ಟರಮ್ಮ, ಟೆಸ್ಟ್ ಆಯಿತೇ ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ.

ಆ ಹೆಂಗಸು ಬದುಕಿದಳು. ನಾನು ಅದನ್ನು ಮರೆತೂ ಬಿಟ್ಟಿದ್ದೆ... ಮುಂದಿನ ವರ್ಷ ಇನ್ಯಾರಿಗೋ ಕೊಡಲು ಅವನು ಬಂದಾಗ, ಕಾರ್ಡಿನಲ್ಲಿ ಎರಡು ಗೆರೆ ಮೂಡಿದವು. ಇನ್ನೊಂದು ಕಾರ್ಡಿನ ಪೊಟ್ಟಣ ಹರಿದೆ. ಅದರಲ್ಲೂ ಎರಡು. ಸತ್ಯಮಂಗಲಕ್ಕೆ ಇಬ್ಬರೂ ಬಸ್ಸಿನಲ್ಲಿ ಇಳಿದುಹೋಗಿ ದೊಡ್ಡ ಲ್ಯಾಬಿನಲ್ಲಿ ಮಾಡಿಸಿದೆವು. ಕಾಮಾಲೆ ತರುವ ವೈರಸ್ಸು, ಅವನ ರಕ್ತದಲ್ಲಿ ನೆಲೆ ನಿಂತಿದೆ ಎಂದರು. ಎಂದಿನಿಂದ ಎಂದು ಹೇಳುವವರಿರಲಿಲ್ಲ. ಮರಳುವ ಬಸ್ಸು ಘಾಟಿ ಹತ್ತಿ ದಿಂಬಂ ಸೇರಿತು. ಅಲ್ಲಿ ಅವನು ಕಿಟಕಿಯಾಚೆ ನೋಡುತ್ತಲೇ ಕೇಳಿದ:

"ಗುಮಟಾಪುರದವ್ಳ್ಗೆ ಕೊಟ್ಟಾಗ ನೋಡಿದ್ಯೇನ್ಲಾ?"

ಇಲ್ಲವೆಂದೆ. ಅವನು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಎರಡೇ ದಿನಕ್ಕೆ ನನ್ನನ್ನು ಕರೆದುಕೊಂಡು ಗುಮಟಾಪುರಕ್ಕೆ ಹೋದ. ಆಕೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಿಗೆ ಬಂದಳು. ಅವನು ಸುತ್ತಿ ಬಳಸಿ ಹೇಳಲಿಲ್ಲ. ನಿನಗೆ ಕೊಟ್ಟ ನನ್ನ ರಕ್ತ ಸರಿ ಇರಲಿಲ್ಲವಂತೆ, ಆಗ ನನಗೆ ಗೊತ್ತಿರಲಿಲ್ಲ, ನೀನೂ ಮಗುವೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದ. ನನ್ನ ಹೆಸರು ಎತ್ತಲೇ ಇಲ್ಲ. ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಕಾಮಾಲೆ ಬಂದು ಮಲಗಿದ್ದೆ, ನಾಟಿ ಔಷಧಿ ಕುಡಿದೆ, ಹೋಯಿತು ಎಂದಳು ಆಕೆ. ಹೇಳಿ, ನಮಗೆ ಟೀ ಕಾಯಿಸಲು ಒಳಗೆ ಹೋದಳು. ಎಂಜಲಿನಿಂದ ಹರಡುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳದೆ, ತಾನು ಕುಡಿದ ಲೋಟವನ್ನು ಅವನೇ ಹಿತ್ತಲಿಗೆ ಒಯ್ದು, ಬೂದಿ ಹಾಕಿ ಉಜ್ಜಿ ತೊಳೆದಿಟ್ಟ.

ಮಾರನೆಯ ದಿನ ತಾಯಿ ಮಗು ಇಬ್ಬರ ಕಾರ್ಡಿನಲ್ಲೂ ಒಂದೇ ಗೆರೆ ಬಂತು. ಬಂದ ಕಾಯಿಲೆ ಅವಳ ಮೈಯಿಂದ ತಾನಾಗಿ ಹೋಗಿತ್ತು. ಆ ಕಾಮಾಲೆ ಅವನ ರಕ್ತದ್ದೇ ಎಂದು ಯಾರೂ ಹೇಳಲಾರರು. ಅವನಿಗೆ ಮಾತ್ರ ಸಂಶಯವಿರಲಿಲ್ಲ.

ಈ ವಿಷಯ ಯಾರಿಗೂ ಹೇಳಬೇಡ ಎಂದು ಅವನು ನನ್ನಿಂದ ಮಾತು ತೆಗೆದುಕೊಂಡ. ಆಗ ರಕ್ತದಲ್ಲಿ ಕಾಯಿಲೆ ಎಂದರೆ ನಮ್ಮ ಜನಕ್ಕೆ ಗೊತ್ತಿದ್ದದ್ದು ಒಂದೇ ಕಾಯಿಲೆ, ಏಡ್ಸ್. ಅವನ ಜೀಪನ್ನು ಆಮೇಲೆ ಯಾರು ಹತ್ತುತ್ತಿದ್ದರು? ಹೇಳಿದರೆ ನನ್ನ ಕೆಲಸವೂ ಹೋಗುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಅದಾಗಿ ಏಳೆಂಟು ತಿಂಗಳಿಗೆ ಅವನ ಸ್ವಂತ ತಂಗಿ ಹೆರಿಗೆಗೆ ಬಂದಳು. ಜೀಪಿನಲ್ಲಿ ಕರೆತಂದವನು ಅವನೇ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗುವಾಯಿತು. ಆಮೇಲೆ ರಕ್ತ ಹರಿಯತೊಡಗಿತು. ನರ್ಸು ತಂದ ಬಟ್ಟೆಗಳನ್ನು ನೋಡಿ ಅಣ್ಣ ತಂಗಿಯರ ತಾಯಿ ಗೋಡೆ ಹಿಡಿದು ಕುಳಿತರು. ಚಾಮರಾಜನಗರದಲ್ಲಿ ತಂಗಿಯ ಗುಂಪಿನ ರಕ್ತವಿಲ್ಲವೆಂದು ಫೋನಿನಲ್ಲಿ ತಿಳಿಯಿತು. ಸತ್ಯಮಂಗಲಕ್ಕಿಳಿಯುವ ದಿಂಬಂ ಘಾಟಿಯಲ್ಲಿ ಲಾರಿ ಅಡ್ಡ ನಿಂತು ದಾರಿ ಕಟ್ಟಿತ್ತು. ಎಲ್ಲರೂ ಜೀಪಿನಣ್ಣನ ಕಡೆ ತಿರುಗಿದರು. ಅಣ್ಣ ತಂಗಿಯರದ್ದು ಒಂದೇ ಗುಂಪು.

"ನಂದು ಆಗಕಿಲ್ಲ" ಎಂದ.

ತಾಯಿಗೆ ಅರ್ಥವಾಗಲಿಲ್ಲ. "ಊರ್ಗೆಲ್ಲಾ ಕೊಟ್ಟಿದ್ದೀಯಲ್ಲಪ್ಪಾ, ಒಡುಟ್ಟಿದವ್ಳ್ಗೆ ಇಲ್ವಾ?"

ತಂಗಿಯ ಮೈದುನ ಮುಂದೆ ಬಂದ. ಗುಂಪು ಕೂಡಿತು. ರಕ್ತ ತೆಗೆದು ಚೀಲ ತುಂಬಿಸಿ, ಪರೀಕ್ಷೆಗೆಂದು ಬೇರೆ ತೆಗೆದಿದ್ದ ಸ್ವಲ್ಪವನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಕಾರ್ಡಿನ ಮೇಲೆ ತೊಟ್ಟಿಕ್ಕಿಸಿದೆ. ಚೀಲ ಮೇಜಿನ ಮೇಲೆ ಬೆಚ್ಚಗೆ ಬಿದ್ದಿತ್ತು. ಹದಿನೈದು ಹೆಜ್ಜೆ ಆಚೆ ಜೀಪಿನಣ್ಣನ ತಂಗಿ. ತಂಗಿಯ ಗಂಡ ಚೀಲ ಕೊಡು, ಸೀಕ್ರಂ ಕೊಡು, ಬೇಗ ಕೊಡು ಎಂದು ಕೋಣೆಗೆ ನುಗ್ಗಿದ. ಜೀಪಿನಣ್ಣ ಅವನ ರಟ್ಟೆ ಹಿಡಿದು ಹೊರಗೆ ತಂದು, ತಾನು ಹೊಸ್ತಿಲ ಮೇಲೆ ಅಡ್ಡ ಕುಳಿತ. ಬಾಗಿಲ ಎರಡು ಕಡೆಗೂ ಕೈ ಊರಿದ. ಮೈದುನ ಬೈದ. ಗಂಡ ಅವನ ಬೆನ್ನಿಗೆ ಎರಡು ಸಲ ಗುದ್ದಿದ. ಅವನು ಏಳಲಿಲ್ಲ. ಗೋಡೆ ಗಡಿಯಾರದ ಮುಳ್ಳು ಒಂಬತ್ತು ನಿಮಿಷವನ್ನಷ್ಟೇ ದಾಟಿತ್ತು.

ಆಗ ನರ್ಸು ಓಡಿಬಂದಳು. ಡಾಕ್ಟರಮ್ಮ ಕೇಳುತ್ತಿದ್ದಾರೆ, ಟೆಸ್ಟ್ ಆಯಿತೇ ಎಂದಳು.

ಕಾರ್ಡಿನಲ್ಲಿ ಒಂದು ಗೆರೆ ಬಂದಾಗಿತ್ತು. ಎರಡನೆಯದು ಬರುವುದಾದರೆ ಕೆಲವು ಸಲ ಕೊನೆಗೆ, ಮಬ್ಬಾಗಿ ಬರುತ್ತದೆ. ನನ್ನ ತಲೆ ಆ ಸಲದಂತೆಯೇ ಹೌದೆಂದು ತಾನಾಗಿ ಆಡಲು ಹೊರಟಿತ್ತು. ಜೀಪಿನಣ್ಣ ತಿರುಗಿ ನನ್ನ ಮುಖ ನೋಡಿದ.

"ಇನ್ನೂ ಇಲ್ಲ" ಎಂದೆ.

ಉಳಿದ ಹನ್ನೊಂದು ನಿಮಿಷ ಹೇಗೆ ಕಳೆದೆವೋ... ಒಳಗಿನಿಂದ ಅವನ ತಂಗಿಯ ನರಳಾಟ ಮೊದಲು ಜೋರಾಗಿ, ಆಮೇಲೆ ಸಣ್ಣದಾಗಿ ಕೇಳುತ್ತಿತ್ತು. ಅದು ಸಣ್ಣದಾಗುತ್ತ ಹೋದಂತೆ ಅವನ ಬೆರಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿಯುತ್ತಿದ್ದವು. ಎರಡನೆಯ ಗೆರೆ ಬರಲಿಲ್ಲ. ಚೀಲವನ್ನು ನಾನೇ ಎತ್ತಿಕೊಂಡು ಓಡಿದೆ.

ಅವಳು ಉಳಿದಳು. ಉಳಿಸಿಕೊಳ್ಳಲು ಡಾಕ್ಟರಮ್ಮ ಗರ್ಭಕೋಶ ತೆಗೆಯಬೇಕಾಯಿತು. ತಡವಾದದ್ದಕ್ಕಲ್ಲ, ಅದು ಹೇಗೂ ಆಗಬೇಕಿತ್ತು ಎಂದು ಅವರು ಎಷ್ಟು ಹೇಳಿದರೂ ಮನೆಯವರು ನಂಬಲಿಲ್ಲ. ತನ್ನ ರಕ್ತ ಕೊಡಲಿಲ್ಲ, ಕೊಟ್ಟವನದ್ದನ್ನೂ ತಡೆದ, ಅದೂ ಶುದ್ಧವಾಗಿದ್ದ ರಕ್ತವನ್ನು! ತಂಗಿ ಮಾತು ಬಿಟ್ಟಳು. ಮಗುವಿನ ನಾಮಕರಣಕ್ಕೂ ಅವನನ್ನು ಕರೆಯಲಿಲ್ಲ. ನಾನಾದರೂ ಹೇಳುತ್ತೇನೆ ಎಂದು ಒಂದು ದಿನ ಜೀಪಿನ ಬಳಿಗೆ ಹೋದೆ. ಅವನು ಟೈರು ಬಿಚ್ಚುತ್ತಿದ್ದ.

"ಬ್ಯಾಡ ಕಣ್ಲಾ" ಎಂದ. "ಚೆನ್ನಾಗಿತ್ತು ಅಂತ ಆಮ್ಯಾಕ್ ತಾನೆ ಗೊತ್ತಾದುದ್ದು? ಅವ್ಳು ಬದ್ಕವ್ಳೆ. ಬುಟ್ಬುಡು."

ನಾನು ಬಿಟ್ಟುಬಿಟ್ಟೆ. ನನಗೂ ಅದೇ ಬೇಕಾಗಿತ್ತು.

ಐದಾರು ವರ್ಷ ಕಳೆದ ಮೇಲೆ ಅವನ ಹೊಟ್ಟೆಗೆ ನೀರು ತುಂಬಿತು. ಕೊಯಮತ್ತೂರಿಗೂ ಹೋಗಿಬಂದ. ಕುಡಿದು ಲಿವರ್ ಕೆಡಿಸಿಕೊಂಡ ಎಂದು ಊರು ಮಾತಾಡಿತು. ಅವನು ಕುಡಿದದ್ದನ್ನು ನಾನು ಕಂಡಿಲ್ಲ. ಅವನು ತೀರಿಕೊಂಡು ಮಣ್ಣಾದ ದಿನ ತಂಗಿ ಬಂದಿದ್ದಳು, ಹೆಂಗಸರ ಹಿಂದೆ ದೂರದಲ್ಲಿ ನಿಂತಿದ್ದಳು.

ಹೋದ ವರ್ಷದ ಆ ಜ್ವರ ಬಿಟ್ಟ ಮೇಲೆ ನಾನು ತಾಳವಾಡಿಗೆ ಹೋದೆ. ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆ ದಿನ ಹುಟ್ಟಿದ ಮಗಳಿಗೆ ಮದುವೆಯಾಗಿದೆಯಂತೆ. ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅವನ ರಕ್ತದಲ್ಲಿದ್ದದ್ದನ್ನು, ಗುಮಟಾಪುರಕ್ಕೆ ಹೋದದ್ದನ್ನು, ಅಲ್ಲಿ ಅವನು ಹೇಳದೆ ಬಿಟ್ಟ ನನ್ನ ತಪ್ಪನ್ನೂ. ಅವಳು ಅವರೆಕಾಯಿ ಸುಲಿಯುತ್ತಿದ್ದವಳು ನಡುವೆ ಎಲ್ಲೋ ನಿಲ್ಲಿಸಿದ್ದಳು. ಬಯ್ಯುತ್ತಾಳೆಂದು ಕಾದೆ. ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ ಕೇಳಿದಳು:

"ಅಂವ ಇದ್ದಾಗ ಯಾಕ್ ಯೋಳ್ನಿಲ್ಲ ನೀವು?"

ಮಾತು ಕೊಟ್ಟಿದ್ದೆ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಅವಳ ಮುಖ ನೋಡಿಕೊಂಡು ಹೇಳಲಾಗಲಿಲ್ಲ. ನನಗೆ ಹೆದರಿಕೆ ಇತ್ತು ಎಂದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಒಳಗೆ ಬನ್ನಿ ಎಂದೂ ಅನ್ನಲಿಲ್ಲ, ಹೊರಡಿ ಎಂದೂ ಅನ್ನಲಿಲ್ಲ. ಕೊನೆಯ ಬಸ್ಸಿನ ಹೊತ್ತಾಗುವವರೆಗೆ ನಾನು ಅಲ್ಲೇ ಕುಳಿತಿದ್ದೆ.