ಹಿಂಬದಿ ಇಲ್ಲದ ಪೆಟ್ಟಿಗೆ

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವನು ನಾನು. ಕೊಟ್ಟೂರಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಬಾಯಿಯೂ ಅವರ ಕಿವಿಯೂ ಸವೆದಿದ್ದವು. ಕೇಳಿದ್ದನ್ನು ಹೇಗೆ ಪ್ರಮಾಣಿಸಬೇಕು ಎಂದು ಆ ಗಾದೆ ಹೇಳುವುದಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿನ ಒಂದು ಸಂಜೆಯ ಮಾತಿದು. ನೀವು ನಂಬಲೇಬೇಕೆಂದೇನಿಲ್ಲ. ನಾನೇ ಪೂರ್ತಿ ನಂಬಿದ್ದೇನೆಂದು ಹೇಳಲಾರೆ.

ಆ ವರ್ಷ ನಮಗೊಂದು ಹೆಣ್ಣುಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ತೀರಿಕೊಂಡಿತು. ನನ್ನ ಹೆಂಡತಿ ರತ್ನಳದು ಒಳ್ಳೆಯ ಕಂಠ. ಬೀಸುವಾಗ, ಬಳಿಯುವಾಗ, ಸುಮ್ಮನೆ ಕೂತಾಗ, ಏನಾದರೊಂದು ಗುನುಗದೆ ಇರುತ್ತಿರಲಿಲ್ಲ. ಮಗು ಹೋದ ಮೇಲೆ ಅದು ನಿಂತುಹೋಯಿತು. ಕೆಲವು ವಾರ ಕಳೆದ ಮೇಲೆ, ತುಂಗಭದ್ರೆಯ ದಂಡೆಯ ಮಾಗಳದಲ್ಲಿರುವ ತವರಿಗೆ ಹೊರಟಳು. ಹೊಸ್ತಿಲು ದಾಟುವಾಗ ಒಂದೇ ಮಾತು ಹೇಳಿದಳು:

"ತೊಟ್ಲಕಂತ ಕೊಯ್ಸಿದ ಹಲಗಿ ಬಡಿಗ್ಯಾರ ಅಂಗಡ್ಯಾಗ ಹಂಗ ಬಿದ್ದಾವ. ಏನರ ಮಾಡಿಸ್ಕೊಳ್ರಿ."

ಯಾವಾಗ ಬರುತ್ತೀ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬರುವುದಿಲ್ಲ ಎಂದುಬಿಟ್ಟರೆ ಏನು ಮಾಡುವುದು?

ಆಗ ನಮ್ಮದೊಂದು ಸಣ್ಣ ಆರ್ಕೆಸ್ಟ್ರಾ ಇತ್ತು. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮದುವೆಗಳಲ್ಲಿ ಬಾರಿಸುತ್ತಿದ್ದೆವು. ನನ್ನದು ಗಿಟಾರು. ರೇಡಿಯೋ ರಿಪೇರಿಯ ಹುಸೇನ ಹಳೇ ರೇಡಿಯೋಗಳ ವಾಲ್ವು ಕಿತ್ತು ನನಗೊಂದು ಆಂಪ್ಲಿಫೈಯರ್ ಕಟ್ಟಿಕೊಟ್ಟಿದ್ದ. ಅದಕ್ಕೊಂದು ಸ್ಪೀಕರ್ ಪೆಟ್ಟಿಗೆ ಬೇಕಾಗಿತ್ತು. ಬೇರೇನು ಮಾಡಿಸಲಿ ಆ ಹಲಗೆಗಳಲ್ಲಿ? ಪೆಟ್ಟಿಗೆಯನ್ನೇ ಮಾಡಿಸಿದೆ. ತೊಟ್ಟಿಲಿನ ಅಳತೆಗೆ ಕೊಯ್ದ ಸಾಗುವಾನಿ ಮುಂಭಾಗಕ್ಕೆ, ಅಕ್ಕಪಕ್ಕಕ್ಕೆ, ಮೇಲೆ ಕೆಳಗೆ ಸಾಕಾಯಿತು. ಹಿಂಬದಿಗೆ ಉಳಿಯಲಿಲ್ಲ. ಪೆಟ್ಟಿಗೆ ಬೆನ್ನು ತೆರೆದುಕೊಂಡೇ ಮನೆಗೆ ಬಂತು.

ಹುಸೇನ ನೋಡಿದವನೇ ಹಣೆ ಚಚ್ಚಿಕೊಂಡ. ಮರುದಿನ ಪ್ಲೈವುಡ್ಡಿನ ಹಲಗೆಯೊಂದನ್ನು ಅಳತೆಗೆ ಕೊಯ್ದು, ಸ್ಕ್ರೂ ತೂತು ಸಮೇತ ತಂದ. ಹಲಗೆ ಹಾಕಿ ಬಾರಿಸಿದೆವು, ತೆಗೆದು ಬಾರಿಸಿದೆವು. ಹಾಕಿದರೆ ಸದ್ದು ದಪ್ಪಗೆ, ಬಿಗಿಯಾಗಿ ನೇರ ಎದುರಿಗೆ ನುಗ್ಗುತ್ತಿತ್ತು. ತೆಗೆದರೆ ಹಿಂದಕ್ಕೂ ಹೊರಟು ಗೋಡೆಗೆ ತಾಗಿ ಇಡೀ ಪಡಸಾಲೆ ತುಂಬುತ್ತಿತ್ತು. ಆಗ ಗಿಟಾರಿನ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದು. ನನಗೆ ಅದೂ ಬೇಕು, ಇದೂ ಬೇಕು.

"ಮೇಷ್ಟ್ರೇ, ಹಡಗಲಿ ಮದುವಿ ಹತ್ರ ಬಂತು. ಬಯಲಾಗ ಬಾರಿಸೋರು ನಾವು," ಎಂದ ಹುಸೇನ. "ಹಿಂದಿನ ಸದ್ದು ಯಾರಿಗ್ರಿ? ಪರದಿ ಹಿಂದ ಪಾತ್ರಿ ತೊಳಿಯೋರಿಗೇನು? ಸುಮ್ನ ಮುಚ್ಚಿಬಿಡ್ರಿ."

ನಾಳೆ ಹೇಳುತ್ತೇನೆಂದು ಅವನನ್ನು ಕಳಿಸಿದೆ. ಹಲಗೆ ಗೋಡೆಗೆ ಒರಗಿತ್ತು. ಹೊತ್ತು ಮುಳುಗುತ್ತಿತ್ತು. ಬೀದಿಯಲ್ಲಿ ಮೇದು ಬಂದ ಎಮ್ಮೆಗಳ ಧೂಳು, ಆ ಧೂಳಿನಲ್ಲಿ ಕೆಂಪು ಬೆಳಕು. ದೀಪ ಹಾಕಲು ಮನಸ್ಸಾಗದೆ ಸುಮ್ಮನೆ ತಂತಿ ಮೀಟುತ್ತ ಕೂತೆ. ಕೆಲವು ದಿನಗಳಿಂದ ಒಂದು ರಾಗದ ಎಳೆ ಬೆರಳಿಗೆ ಸಿಕ್ಕಿತ್ತು. ನಾನೇ ಕಟ್ಟಿದ್ದು, ಯಾರಿಗೂ ಕೇಳಿಸಿರಲಿಲ್ಲ. ಎಷ್ಟು ಬಾರಿಸಿದರೂ ಅದಕ್ಕೊಂದು ಕೊನೆ ಸಿಗುತ್ತಿರಲಿಲ್ಲ. ಅಂದೂ ಅದೇ ಜಾಗಕ್ಕೆ ಬಂದು ಕೈ ನಿಂತಿತು.

ಪೆಟ್ಟಿಗೆಯ ಹಿಂದೆ ಅದು ನಿಲ್ಲಲಿಲ್ಲ.

ಯಾರೋ ಬಾಯಿ ಮುಚ್ಚಿಕೊಂಡೇ ಗುನುಗಿದ ಹಾಗೆ, ಹೆಣ್ಣು ದನಿಯೊಂದು ನಾನು ಬಿಟ್ಟಲ್ಲಿಂದ ಎತ್ತಿಕೊಂಡು, ನನಗೆ ಹೊಳೆಯದಿದ್ದ ಕಡೆಗೆ ಇಳಿದು, ಮೆಲ್ಲಗೆ ಮುಗಿಸಿತು. ಮಗುವಿಗೆ ನಿದ್ದೆ ಹತ್ತಿದ ಮೇಲೆ ಹಾಡು ಕಡಿಮೆಯಾಗುತ್ತದಲ್ಲ, ಹಾಗೆ. ನನಗೆ ಹೆದರಿಕೆಯಾಗಲಿಲ್ಲ. ಅದೇ ಈಗಲೂ ಆಶ್ಚರ್ಯ. ಎದ್ದು ಹಿಂದೆ ಹೋಗಿ ಬಗ್ಗಿ ನೋಡಿದೆ. ಸ್ಪೀಕರಿನ ಅಯಸ್ಕಾಂತ, ಎರಡು ತಂತಿ, ಮರದ ಹೊಟ್ಟು.

ಆದರೂ ಮೇಷ್ಟ್ರಲ್ಲವೇ, ಪರೀಕ್ಷೆಗೆ ನಿಂತೆ. ಹಲಗೆಯನ್ನು ಹಿಂಬದಿಗೆ ಒತ್ತಿ ನಿಲ್ಲಿಸಿ ಬಾರಿಸಿದೆ. ಏನೂ ಇಲ್ಲ. ತೆಗೆದು ಬಾರಿಸಿದೆ. ಮತ್ತೆ ಆ ದನಿ, ಮತ್ತೆ ಅದೇ ಕೊನೆ. ನಾನು ಅದನ್ನು ಕಲಿತೆ. ಕತ್ತಲಾದದ್ದು ತಿಳಿಯಲೇ ಇಲ್ಲ. ಕಣ್ಣಲ್ಲಿ ನೀರಿತ್ತು ಎಂದು ಹೇಳಿಕೊಳ್ಳಲು ಈಗ ನನಗೆ ಸಂಕೋಚವಿಲ್ಲ.

ಹುಸೇನನಿಗೆ ಹೇಳಿದರೆ ನಕ್ಕ. "ವಾಲ್ವ್ ಬಿಸಿ ಆದ್ರ ಒಮ್ಮೊಮ್ಮೆ ರೇಡಿಯೋ ಹಿಡಿತೈತ್ರಿ." ಇರಬಹುದು. ಆದರೆ ನಾನೇ ಮುಗಿಸದ ರಾಗವನ್ನು ಯಾವ ಸ್ಟೇಷನ್ನಿನವರು ಮುಗಿಸಿ ಹಾಡುತ್ತಾರೆ ಎಂದು ಕೇಳಿದೆ. ಅವನು, ಅದೇನೇ ಇರಲಿ, ಹಲಗೆ ಮಾತ್ರ ಹಾಕಿಸಿರಿ ಎಂದ.

ಭಾನುವಾರ ಬಸ್ಸು ಹಿಡಿದು ಮಾಗಳಕ್ಕೆ ಹೋದೆ. ರತ್ನ ಹೊಳೆಗೆ ಹೋಗಿದ್ದಾಳೆಂದು ಅತ್ತೆ ಹೇಳಿದರು. ದಂಡೆಗೆ ಇಳಿಯುತ್ತಿದ್ದೆ. ಅವಳು ನನಗೆ ಬೆನ್ನು ಹಾಕಿ ಬಟ್ಟೆ ಹಿಂಡುತ್ತಿದ್ದಳು. ಗುನುಗುತ್ತಿದ್ದಳು. ಅದೇ ರಾಗ, ಆ ಕೊನೆ ಸಮೇತ.

ಹತ್ತಿರ ಹೋಗಿ ಕಲ್ಲಿನ ಮೇಲೆ ಕೂತೆ. ಇದನ್ನು ಯಾರು ಕಲಿಸಿದರು ಎಂದು ಕೇಳಿದೆ.

"ಯಾರ್ ಕಲಿಸ್ತಾರ? ಮೊನ್ನಿ ದೀಪ ಹಚ್ಚೋ ಹೊತ್ನ್ಯಾಗ ಹಿತ್ತಲ ಕಡೆ ಬಾರಿಸಿದಂಗಾತು. ನೀವು ಬಂದೀರೇನೋ ಅಂತ ಹೊರಗ ಬಂದೆ. ಯಾರೂ ಇದ್ದಿಲ್ಲ," ಎಂದಳು. "ನಡುವ ನಿಂತುಬಿಡ್ತರಿ ಅದು. ಅರ್ಧಕ್ಕ ಬಿಡಬಾರದಂತ ನಾನ ಮುಗಿಸಿದೆ."

ನಾನು ಎಲ್ಲವನ್ನೂ ಹೇಳಿದೆ. ಹಲಗೆಗಳು ಪೆಟ್ಟಿಗೆಯಾದದ್ದು, ಬೆನ್ನಿಗೆ ಮರ ಸಾಲದೆ ಹೋದದ್ದು, ಮುಚ್ಚಬೇಕೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದದ್ದು. ಅವಳು ಹಿಂಡಿದ ಸೀರೆಯನ್ನು ಮತ್ತೆ ಹಿಂಡಿದಳು.

"ತೊಟ್ಲಕ್ಕ ಯಾರರ ಮುಚ್ಚಳ ಹಾಕ್ತಾರೇನ್ರಿ?" ಎಂದಳು. ಆಮೇಲೆ ಅತ್ತಳು. ಮಗು ಹೋದ ಮೇಲೆ ಅವಳು ನನ್ನೆದುರು ಅತ್ತದ್ದು ಅದೇ ಮೊದಲು. ಸಂಜೆಯ ಬಸ್ಸಿಗೆ ನನ್ನ ಜೊತೆಗೇ ಹೊರಟಳು.

ಹಡಗಲಿಯ ಮದುವೆಯಲ್ಲಿ ಬೆನ್ನು ತೆರೆದ ಪೆಟ್ಟಿಗೆಯಿಂದಲೇ ಬಾರಿಸಿದೆ. ಬಯಲಿನಲ್ಲಿ ಸದ್ದು ತೆಳ್ಳಗಾಗಿ ಹೋಯಿತು. ಹುಸೇನ ಅದನ್ನು ವರ್ಷಗಟ್ಟಲೆ ಆಡಿಕೊಂಡ.

ಆಮೇಲೆ ಎಷ್ಟೋ ಸಂಜೆ ಅದೇ ಪಡಸಾಲೆಯಲ್ಲಿ, ಅದೇ ಪೆಟ್ಟಿಗೆಯ ಮುಂದೆ ಕೂತು ಅದೇ ರಾಗ ಬಾರಿಸಿ, ಅದೇ ಜಾಗದಲ್ಲಿ ಕೈ ನಿಲ್ಲಿಸಿ ಕಾದಿದ್ದೇನೆ. ಹಿಂದಿನಿಂದ ಏನೂ ಬಂದಿಲ್ಲ. ಏನಾಗಿತ್ತೆಂದು ನನಗೆ ಇಂದಿಗೂ ತಿಳಿಯದು. ಹುಸೇನನ ಪ್ಲೈವುಡ್ಡಿನ ಹಲಗೆ ಮಂಚದ ಕೆಳಗಿದೆ, ಸ್ಕ್ರೂ ಕಾಣದ ತೂತುಗಳ ಸಮೇತ. ನಾನು ಕೈ ನಿಲ್ಲಿಸಿ ಕಾಯುತ್ತ ಕೂತರೆ, ಅಡುಗೆಮನೆಯಿಂದ ರತ್ನ ಆ ರಾಗವನ್ನು ಮುಗಿಸುತ್ತಾಳೆ.